ಅಕ್ಕನ ಜತೆ ಮಾತಾಡಿಸಿದ ಪುಟ್ಟ ಕೀಬೋರ್ಡ್

ಬ್ಯಾಂಕಿನಲ್ಲಿ ಗುಮಾಸ್ತನಾಗಿ 37 ವರ್ಷ ದುಡಿದವನು ನಾನು. ಮಳವಳ್ಳಿ, ಮದ್ದೂರು, ಮಂಡ್ಯ – ಈ ಮೂರು ಊರುಗಳಲ್ಲೇ ನನ್ನ ಸರ್ವಿಸು ಮುಗಿದುಹೋಯಿತು. 2012ರಲ್ಲಿ ನಿವೃತ್ತನಾದೆ. ಇಷ್ಟು ವರ್ಷಗಳಲ್ಲಿ ನಾನು ಮಾಡಿದ ಮುಖ್ಯ ಕೆಲಸ ಯಾವುದು ಎಂದು ಯಾರಾದರೂ ಕೇಳಿದರೆ, ‘ಸಹಿ ನೋಡಿದ್ದು’ ಎನ್ನುತ್ತೇನೆ. ಹಣ ತೆಗೆಯಲು ಬಂದವರ ಚೀಟಿಯ ಸಹಿಯನ್ನು ನಮ್ಮಲ್ಲಿರುವ ಮಾದರಿ ಸಹಿಯ ಕಾರ್ಡಿನ ಜತೆ ಇಟ್ಟು ನೋಡಬೇಕು. ತಾಳೆಯಾದರೆ ಹಣ, ಇಲ್ಲದಿದ್ದರೆ ಇಲ್ಲ.

ಮಳವಳ್ಳಿಯಲ್ಲಿದ್ದಾಗ ಒಬ್ಬ ವಯಸ್ಸಾದ ರೈತ ಕಬ್ಬಿನ ದುಡ್ಡು ತೆಗೆಯಲು ಬಂದಿದ್ದರು. ಸಹಿ ಸ್ವಲ್ಪವೂ ಹೋಲುತ್ತಿರಲಿಲ್ಲ. ‘ಇನ್ನೊಂದು ಸಲ ಹಾಕಿ ಯಜಮಾನ್ರೇ’ ಎಂದೆ. ಮೂರು ಚೀಟಿ ಹಾಳಾಯಿತು. ಕೊನೆಗೆ ಅವರು ಪೆನ್ನು ಕೆಳಗಿಟ್ಟು, ‘ಕೈ ನಂದೇ ಸ್ವಾಮಿ, ಅಕ್ಸರ ಮಾತ್ರ ನನ್ ಮಾತು ಕೇಳಾಕಿಲ್ಲ’ ಎಂದರು. ಮ್ಯಾನೇಜರನ್ನು ಕೇಳಿ ಹೆಬ್ಬೆಟ್ಟು ಒತ್ತಿಸಿ ಹಣ ಕೊಡಿಸಿದೆ. ಕೌಂಟರಿನಲ್ಲಿದ್ದವರೆಲ್ಲ ಆ ಮಾತಿಗೆ ನಕ್ಕರು. ನಾನೂ ನಕ್ಕೆ.

ಈಗ ನನಗೆ 73. ನಾಲ್ಕು ವರ್ಷಗಳಿಂದ ನನ್ನ ಅಕ್ಷರವೂ ನನ್ನ ಮಾತು ಕೇಳುವುದಿಲ್ಲ.

ನಿಂತುಹೋದ ಕಾಗದ

ಬಲಗೈ ನಡುಗಲು ಶುರುವಾದಾಗ ಮೊದಲು ಹೆದರಿದ್ದು ಪಾರ್ಕಿನ್ಸನ್ ಕಾಯಿಲೆಗೆ. ಡಾಕ್ಟರು ಪರೀಕ್ಷೆ ಮಾಡಿ ಅದಲ್ಲ ಎಂದರು. ಸುಮ್ಮನೆ ಕೂತಾಗ ನಡುಗದೆ, ಕೆಲಸಕ್ಕೆ ಕೈ ಹಾಕಿದಾಗ ಮಾತ್ರ ನಡುಗುವ ಒಂದು ಬಗೆಯಂತೆ. ವಯಸ್ಸಾದವರಲ್ಲಿ ಬಹಳ ಮಂದಿಗೆ ಬರುತ್ತದೆ, ಎಷ್ಟೋ ಮನೆಗಳಲ್ಲಿ ವಂಶದಲ್ಲೇ ಇರುತ್ತದೆ ಎಂದರು. ‘ನಿಮ್ಮ ಮನೆಯಲ್ಲಿ ಯಾರಿಗಾದರೂ ಇತ್ತೇ?’ ಎಂದು ಕೇಳಿದರು. ‘ಯಾರಿಗೂ ಇರಲಿಲ್ಲ’ ಎಂದೆ. ಮಾತ್ರೆ ಬರೆದುಕೊಟ್ಟರು. ಲೋಟ ಹಿಡಿಯುವಷ್ಟು ಸುಧಾರಿಸಿತು, ಪೆನ್ನು ಹಿಡಿಯುವಷ್ಟು ಅಲ್ಲ.

ಬರೆಯಲಾಗದಿದ್ದರೆ ಏನಾಯಿತು, ಫೋನ್ ಇಲ್ಲವೇ ಎಂದು ನೀವು ಕೇಳಬಹುದು. ನನ್ನ ಅಕ್ಕ ಮಳವಳ್ಳಿಯಲ್ಲಿದ್ದಾಳೆ. 84 ವರ್ಷ. ಕಿವಿ ಪೂರ್ತಿ ಹೋಗಿದೆ. ಮಿಷನ್ ಕೊಡಿಸಿದ್ದೆವು, ‘ಬರೀ ಗೊಯ್ ಅಂತದೆ’ ಎಂದು ತೆಗೆದು ಡಬ್ಬಿಯಲ್ಲಿಟ್ಟಿದ್ದಾಳೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಡಿಸಿದ್ದರೂ ಅವಳಿಗೆ ಓದು ಬಲು ಇಷ್ಟ. ಹಾಗಾಗಿ ನಮ್ಮಿಬ್ಬರ ನಡುವೆ ಇದ್ದದ್ದು ಕಾಗದ ಮಾತ್ರ. ಹದಿನೈದು ದಿನಕ್ಕೊಂದು ಇನ್‌ಲ್ಯಾಂಡ್ ಲೆಟರು, ಎಷ್ಟೋ ವರ್ಷಗಳಿಂದ ನಡೆದು ಬಂದಿತ್ತು.

ಕೊನೆಯ ಕಾಗದಕ್ಕೆ ಅವಳಿಂದ ಬಂದ ಉತ್ತರದಲ್ಲಿ ಒಂದೇ ಸಾಲು ಇತ್ತು. ನಿನ್ನ ಅಕ್ಷರ ಒಂದೂ ತಿಳಿಯಲಿಲ್ಲ, ಅವಸರದಲ್ಲಿ ಗೀಚಿದ್ದೀಯ ಎಂದು. ನನಗೆ ನಾಚಿಕೆಯಾಯಿತು. ಆಮೇಲೆ ಬರೆಯಲಿಲ್ಲ. ವರ್ಷಕ್ಕೆ ಎರಡು ಸಲ ಮಳವಳ್ಳಿಗೆ ಹೋಗಿ ಎದುರು ಕೂತು ಬರುತ್ತಿದ್ದೆ. ಕಿವಿಯ ಹತ್ತಿರ ಕೂಗಿದರೆ ಬೀದಿಗೆಲ್ಲ ಕೇಳುತ್ತಿತ್ತು, ಅವಳಿಗೆ ಕೇಳುತ್ತಿರಲಿಲ್ಲ.

ಮೊಮ್ಮಗಳು ತಂದ ಟ್ಯಾಬ್

ಮಗಳು ಮದ್ದೂರಿನಲ್ಲಿದ್ದಾಳೆ. ಮೊಮ್ಮಗಳು ಎಂಟನೇ ಕ್ಲಾಸು. ಕೋವಿಡ್ ಕಾಲದ ಆನ್‌ಲೈನ್ ಪಾಠಕ್ಕೆಂದು ಕೊಂಡಿದ್ದ ಎಂಟು ಇಂಚಿನ ಸಣ್ಣ ಟ್ಯಾಬ್ ಒಂದು ಅವರ ಬೀರುವಿನಲ್ಲಿ ಮಲಗಿತ್ತು. ದಸರಾ ರಜೆಗೆ ಬಂದಾಗ ಅದನ್ನು ತಂದು, ‘ತಾತ, ಇದರಲ್ಲಿ ಬರಿ’ ಎಂದಳು.

ಮೊದಲ ವಾರ ಫಜೀತಿ. ಗಾಜಿನ ಪರದೆಯ ಮೇಲೆ ಮೂಡುವ ಅಕ್ಷರಮಣೆಯಲ್ಲಿ ನಾನು ‘ಕ’ ಒತ್ತಲು ಹೋದರೆ ಪಕ್ಕದ ಮೂರು ಅಕ್ಷರ ಬೀಳುತ್ತಿತ್ತು. ಗಾಜಿಗೆ ಮುಟ್ಟಿದ್ದೂ ಒಂದೇ, ಒತ್ತಿದ್ದೂ ಒಂದೇ. ನಡುಗುವ ಬೆರಳು ಎಲ್ಲಿ ತಾಗಿದರೂ ಅದು ಅಕ್ಷರವೇ. ಅಲ್ಲದೆ ಆ ಮಣೆ ಅರ್ಧ ಪರದೆಯನ್ನು ನುಂಗಿಬಿಡುತ್ತಿತ್ತು. ಮಾತಾಡಿದರೆ ಬರೆದುಕೊಳ್ಳುವ ಸೌಲಭ್ಯವನ್ನೂ ನೋಡಿದೆ. ಚೆನ್ನಾಗಿಯೇ ಕೆಲಸ ಮಾಡುತ್ತದೆ. ಆದರೆ ನನ್ನ ಮಂಡ್ಯದ ಮಾತನ್ನು ತಿದ್ದಿ ತನಗೆ ತಿಳಿದಂತೆ ಬರೆಯುತ್ತಿತ್ತು. ತಪ್ಪನ್ನು ಸರಿಮಾಡಲು ಮತ್ತೆ ಗಾಜಿಗೇ ಬೆರಳು ಹಚ್ಚಬೇಕು!

ಆಗ ಅಳಿಯ ಒಂದು ಕೀಬೋರ್ಡ್ ಕೇಸ್ ತಂದುಕೊಟ್ಟರು. ನೋಡಲು ಚರ್ಮದ ಡೈರಿಯಂತೆ ಇದೆ. ಬಿಡಿಸಿದರೆ ಒಂದು ಕಡೆ ಟ್ಯಾಬ್ ಸಿಕ್ಕಿಸಿ ನಿಲ್ಲಿಸುವ ಜಾಗ, ಇನ್ನೊಂದು ಕಡೆ ಪುಟ್ಟ ಕೀಬೋರ್ಡ್. ವೈರು ಇಲ್ಲ. ಮಡಚಿದರೆ ಬ್ಯಾಂಕಿನ ಪಾಸ್‌ಬುಕ್ಕಿಗಿಂತ ಸ್ವಲ್ಪ ದೊಡ್ಡದು, ಕೈಚೀಲದಲ್ಲಿ ಹಿಡಿಯುತ್ತದೆ.

ಟ್ಯಾಬಿಗೂ ಕೀಬೋರ್ಡಿಗೂ ಪರಿಚಯ ಮಾಡಿಸುವುದೇ ಒಂದು ಪ್ರಸಂಗವಾಯಿತು. ಪರದೆಯ ಮೇಲೆ ಒಂದು ಸಂಖ್ಯೆ ಬಂತು. ನಾನು ಅದನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಕಾದೆ. ಏನೂ ಆಗಲಿಲ್ಲ. ಮೊಮ್ಮಗಳು ಬಿದ್ದು ಬಿದ್ದು ನಕ್ಕಳು. ಆ ಸಂಖ್ಯೆಯನ್ನು ಹೊಸ ಕೀಬೋರ್ಡಿನಲ್ಲೇ ಒತ್ತಿ ಕೊನೆಗೆ ‘ಎಂಟರ್’ ಹೊಡೆಯಬೇಕಂತೆ. ‘ಅದು ನಿನ್ನ ಕೀಬೋರ್ಡೇ ಅಂತ ಟ್ಯಾಬಿಗೆ ಗೊತ್ತಾಗೋದು ಬೇಡ್ವಾ ತಾತ?’ ಎಂದಳು. ಸರಿಯೇ. ಸಹಿ ತಾಳೆ ನೋಡುವವನಿಗೆ ಇದನ್ನು ಬಿಡಿಸಿ ಹೇಳಬೇಕೆ?

ಟೋಕನ್ನಿನ ಲೆಕ್ಕ

ಮಕ್ಕಳೇ, ಈ ವೈರಿಲ್ಲದ ಮಾತುಕತೆಗೆ ‘ಬ್ಲೂಟೂತ್’ ಎಂದು ಹೆಸರು. ‘ನೀಲಿ ಹಲ್ಲು’ ಎಂದರ್ಥ. ಹತ್ತನೆಯ ಶತಮಾನದಲ್ಲಿ ಡೆನ್ಮಾರ್ಕನ್ನು ಆಳಿದ ಹೆರಾಲ್ಡ್ ಎಂಬ ರಾಜನ ಅಡ್ಡಹೆಸರು ಅದು. ಬೇರೆ ಬೇರೆಯಾಗಿದ್ದ ಜನರನ್ನು ಆತ ಒಂದುಗೂಡಿಸಿದನಂತೆ. ಬೇರೆ ಬೇರೆ ಯಂತ್ರಗಳನ್ನು ಒಂದುಗೂಡಿಸುವ ತಂತ್ರಕ್ಕೂ ಅವನ ಹೆಸರನ್ನೇ ಇಟ್ಟರು. ಪರದೆಯ ಮೇಲೆ ಕಾಣುವ ಅದರ ಗುರುತು ಆ ರಾಜನ ಹೆಸರಿನ ಎರಡು ಮೊದಲಕ್ಷರಗಳನ್ನು ಹಳೆಯ ರೂನ್ ಲಿಪಿಯಲ್ಲಿ ಬರೆದು ಸೇರಿಸಿದ್ದು. ಸಾಮಾನ್ಯವಾಗಿ ಹತ್ತು ಮೀಟರಿನೊಳಗೆ ಕೆಲಸ ಮಾಡುತ್ತದೆ.

ಇಂಗ್ಲಿಷ್ ಅಕ್ಷರ ಅಚ್ಚಾಗಿರುವ ಕೀಬೋರ್ಡು ಕನ್ನಡವನ್ನು ಹೇಗೆ ಬರೆಯುತ್ತದೆ? ನನಗೂ ಇದೇ ಆಶ್ಚರ್ಯವಾಗಿತ್ತು. ಅದಕ್ಕೆ ಉತ್ತರ ಹಳೆಯ ಬ್ಯಾಂಕಿನಲ್ಲೇ ಇದೆ. ಆಗ ಹಣ ತೆಗೆಯಲು ಬಂದವರ ಚೀಟಿ ತೆಗೆದುಕೊಂಡು ಒಂದು ಹಿತ್ತಾಳೆ ಟೋಕನ್ ಕೊಡುತ್ತಿದ್ದೆವು. ಟೋಕನ್ನಿನ ಮೇಲೆ ಬರೀ ಸಂಖ್ಯೆ. ಆ ಸಂಖ್ಯೆಗೆ ಎಷ್ಟು ಹಣ ಎಂದು ಗೊತ್ತಿರುವುದು ಒಳಗಿರುವ ಕ್ಯಾಷಿಯರಿಗೆ. ಕೀಬೋರ್ಡು ಮಾಡುವುದೂ ಇಷ್ಟೇ. ‘ಇಂಥ ನಂಬರಿನ ಕೀಲಿ ಒತ್ತಿದರು’ ಎಂದು ಟೋಕನ್ ಕಳಿಸುತ್ತದೆ. ಅದಕ್ಕೆ ಇಂಗ್ಲಿಷ್ ಅಕ್ಷರ ಕೊಡಬೇಕೋ ಕನ್ನಡ ಅಕ್ಷರ ಕೊಡಬೇಕೋ ಎಂದು ತೀರ್ಮಾನಿಸುವುದು ಟ್ಯಾಬಿನೊಳಗಿನ ಕ್ಯಾಷಿಯರು.

ಆ ಕ್ಯಾಷಿಯರಿನ ಹತ್ತಿರ ಒಂದು ದೊಡ್ಡ ಲೆಡ್ಜರ್ ಇದೆ. ಅದರ ಹೆಸರು ಯೂನಿಕೋಡ್. ಜಗತ್ತಿನ ಲಿಪಿಗಳ ಅಕ್ಷರಗಳಿಗೆಲ್ಲ ಅದರಲ್ಲಿ ಒಂದೊಂದು ಸಂಖ್ಯೆ. ಕನ್ನಡಕ್ಕೆಂದು 128 ಮನೆಗಳನ್ನು ಬಿಟ್ಟಿದ್ದಾರೆ. ‘ಕ’ ಅಕ್ಷರದ ಸಂಖ್ಯೆ 3221. ಮಳವಳ್ಳಿಯಲ್ಲಿ ಬರೆದರೂ ಅಮೆರಿಕದಲ್ಲಿ ಓದಿದರೂ ಆ ಸಂಖ್ಯೆ ಬದಲಾಗುವುದಿಲ್ಲ. ಆದ್ದರಿಂದಲೇ ಇಲ್ಲಿ ಬರೆದ ಕನ್ನಡ ಅಲ್ಲಿ ಚೌಕಗಳಾಗದೆ ಕನ್ನಡವಾಗಿಯೇ ಕಾಣುತ್ತದೆ.

ಕೆ.ಪಿ. ರಾವ್ ಅವರ ಮಣೆ

ಮೈಸೂರಿನಲ್ಲಿ ಬಿ.ಕಾಂ. ಓದುವಾಗ ಸಂಜೆ ಹೊತ್ತು ಇಂಗ್ಲಿಷ್ ಟೈಪಿಂಗ್ ಕಲಿತಿದ್ದೆ. ‘ಎ ಎಸ್ ಡಿ ಎಫ್ ಜಿ ಎಫ್’ ಎಂದು ಜಪ ಮಾಡಿಸುತ್ತಿದ್ದರು. ಕನ್ನಡದ ಬೆರಳಚ್ಚು ಯಂತ್ರವೂ ಇತ್ತು. ಅದರ ಕೀಲಿಮಣೆಯನ್ನು ರೂಪಿಸಿದವರು ಅನಂತ ಸುಬ್ಬರಾಯರು. ನಮ್ಮ ವರ್ಣಮಾಲೆ, ಕಾಗುಣಿತ, ಒತ್ತಕ್ಷರಗಳನ್ನೆಲ್ಲ ಅಷ್ಟು ಕಡಿಮೆ ಕೀಲಿಗಳಲ್ಲಿ ಕೂರಿಸಿದ್ದು ಸಣ್ಣ ಮಾತಲ್ಲ. ಆದರೆ ನಾನು ಅದನ್ನು ಕಲಿಯಲಿಲ್ಲ. ಈಗ ಈ ವಯಸ್ಸಿನಲ್ಲಿ ಹೊಸದಾಗಿ ಕಲಿಯಬೇಕೇನೋ ಎಂದು ಅಂಜಿದ್ದೆ.

ಕಲಿಯಬೇಕಾದದ್ದು ಬಹಳ ಕಡಿಮೆ. ಅದಕ್ಕೆ ಕಾರಣ ಕೆ.ಪಿ. ರಾವ್. ದಕ್ಷಿಣ ಕನ್ನಡದ ಕಿನ್ನಿಕಂಬಳದವರಾದ ಅವರು ಇಂಗ್ಲಿಷ್ ಕೀಬೋರ್ಡಿನಲ್ಲೇ ಕನ್ನಡ ಬರೆಯುವ ಸುಲಭದ ವಿನ್ಯಾಸವನ್ನು ಮಾಡಿಕೊಟ್ಟರು. ಕರ್ನಾಟಕ ಸರ್ಕಾರ ಒಪ್ಪಿಕೊಂಡಿದ್ದು ಅದನ್ನೇ. ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶದಲ್ಲಿರುವುದೂ ಅದೇ. ಇಂಗ್ಲಿಷಿನ ‘ಕೆ’ ಒತ್ತಿದರೆ ‘ಕ’, ‘ಶಿಫ್ಟ್’ ಹಿಡಿದು ‘ಕೆ’ ಒತ್ತಿದರೆ ‘ಖ’. ‘ಜಿ’ಗೆ ‘ಗ’, ಶಿಫ್ಟ್ ಸೇರಿದರೆ ‘ಘ’. ಅಲ್ಪಪ್ರಾಣ, ಮಹಾಪ್ರಾಣ ಒಂದೇ ಮನೆಯಲ್ಲಿ! ಒತ್ತಕ್ಷರ ಬೇಕಾದರೆ ನಡುವೆ ‘ಎಫ್’ ಒತ್ತಬೇಕು. ಉಳಿದದ್ದನ್ನು ಯಂತ್ರವೇ ಬರೆದುಕೊಳ್ಳುತ್ತದೆ.

ನಿಮ್ಮ ಮನೆಯ ಕೀಬೋರ್ಡನ್ನು ಕಣ್ಣು ಮುಚ್ಚಿ ಮುಟ್ಟಿ ನೋಡಿ. ‘ಎಫ್’ ಮತ್ತು ‘ಜೆ’ ಕೀಲಿಗಳ ಮೇಲೆ ಸಣ್ಣ ಉಬ್ಬು ಸಿಗುತ್ತದೆ. ನೋಡದೆ ಬೆರಳು ಇಡಲೆಂದು ಇರುವ ಗುರುತು ಅದು. ನಮ್ಮ ಒತ್ತಕ್ಷರದ ಕೀಲಿಯೇ ಆ ಉಬ್ಬಿನ ಕೆಳಗಿರುವುದು ನನ್ನಂಥವನಿಗೆ ದೊಡ್ಡ ಉಪಕಾರವಾಯಿತು.

ನಾನು ಅಭ್ಯಾಸ ಮಾಡಿದ್ದು ನನ್ನ ಮೂರು ಊರುಗಳ ಹೆಸರಿನಿಂದ. ‘ಮಂಡ್ಯ’ಕ್ಕೆ ಎಂ, ಶಿಫ್ಟ್ ಎಂ, ಡಬ್ಲ್ಯು, ಎಫ್, ವೈ. ‘ಮದ್ದೂರು’ ಬರೆಯಲು ಎಂ, ಡಿ, ಎಫ್, ಡಿ, ಶಿಫ್ಟ್ ಯು, ಆರ್, ಯು. ಎರಡಕ್ಕೂ ಶಿಫ್ಟ್ ಒಂದೊಂದೇ ಸಲ. ‘ಮಳವಳ್ಳಿ’ ಮಾತ್ರ ಬೆವರಿಳಿಸಿತು. ಮೂರು ‘ಳ’ಕಾರ, ಮೂರಕ್ಕೂ ಶಿಫ್ಟ್! ಎಂ, ಶಿಫ್ಟ್ ಎಲ್, ವಿ, ಶಿಫ್ಟ್ ಎಲ್, ಎಫ್, ಶಿಫ್ಟ್ ಎಲ್, ಐ. ಮೊದಲ ದಿನ ‘ಮಲವಲ್ಲಿ’ ಎಂದೇ ಬಿತ್ತು. ಅಕ್ಕನ ಊರನ್ನು ಸರಿಯಾಗಿ ಬರೆಯಲು ನಾಲ್ಕು ದಿನ ಹಿಡಿಯಿತು.

ಆದರೆ ನಡುಕ? ಅಲ್ಲೇ ಇರುವುದು ವಿಶೇಷ. ಗಾಜಿನ ಹಾಗಲ್ಲ, ನಿಜವಾದ ಕೀಲಿಯ ಮೇಲೆ ಬೆರಳನ್ನು ಸುಮ್ಮನೆ ಊರಬಹುದು. ಮುಟ್ಟಿದ ಮಾತ್ರಕ್ಕೆ ಅಕ್ಷರ ಬೀಳುವುದಿಲ್ಲ, ಒತ್ತಿದರೇ ಬೀಳುವುದು. ಮಣಿಕಟ್ಟನ್ನು ಮೇಜಿನ ಮೇಲಿಟ್ಟು ಬೆರಳನ್ನು ಕೀಲಿಯ ಮೇಲೆ ಊರಿದರೆ ನಡುಕ ಅರ್ಧ ಇಳಿಯುತ್ತದೆ. ಆಗ ಮೆಲ್ಲಗೆ ಒತ್ತುತ್ತೇನೆ. ನಿಮಿಷಕ್ಕೆ ನಾಲ್ಕೈದು ಪದ. ಒಮ್ಮೊಮ್ಮೆ ‘ಮಮಮಂಡ್ಯ’ ಎಂದು ಬೀಳುವುದೂ ಉಂಟು. ಅಳಿಸಿ ಮತ್ತೆ ಬರೆಯುತ್ತೇನೆ. ಬ್ಯಾಂಕಿನ ಲೆಡ್ಜರಿನಲ್ಲಾದರೆ ತಿದ್ದಿದ್ದಕ್ಕೆ ಪಕ್ಕದಲ್ಲಿ ಸಹಿ ಹಾಕಬೇಕಿತ್ತು. ಇಲ್ಲಿ ಆ ತೊಂದರೆ ಇಲ್ಲ.

ಮಳವಳ್ಳಿಯ ಜಗಲಿಯಲ್ಲಿ

ಸಂಕ್ರಾಂತಿ ಕಳೆದ ಮೇಲೆ ಮಳವಳ್ಳಿಗೆ ಹೊರಟೆ. ಮದ್ದೂರಿನಲ್ಲಿ ಇಳಿದು ಮಗಳ ಮನೆಯಲ್ಲಿ ಕಾಫಿ ಕುಡಿದು, ಅಕ್ಕನಿಗೆಂದು ನಾಲ್ಕು ಮದ್ದೂರು ವಡೆ ಕಟ್ಟಿಸಿಕೊಂಡು ಇನ್ನೊಂದು ಬಸ್ಸು ಹಿಡಿದೆ. ಕೆ.ಎಂ. ದೊಡ್ಡಿಯ ಹತ್ತಿರ ಕಬ್ಬಿನ ಗಾಡಿಗಳ ಸಾಲು. ಟ್ಯಾಬ್ ಇದ್ದ ಚೀಲವನ್ನು ತೊಡೆಯ ಮೇಲೆ ಮಗುವಿನಂತೆ ಇಟ್ಟುಕೊಂಡು ಕೂತಿದ್ದೆ.

ಅಕ್ಕ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ಪಕ್ಕದಲ್ಲಿ ಕೂತು, ಮಣೆಯೊಂದನ್ನು ಅಡ್ಡ ಇಟ್ಟು ಟ್ಯಾಬ್ ನಿಲ್ಲಿಸಿದೆ. ಅಕ್ಷರವನ್ನು ಬೆರಳುದ್ದ ದೊಡ್ಡದು ಮಾಡಿಸಿಕೊಂಡಿದ್ದೆ. ಕೀಬೋರ್ಡು ಬೇರೆ ಇರುವುದರಿಂದ ಇಡೀ ಪರದೆ ಅಕ್ಷರಕ್ಕೇ ಸಿಗುತ್ತದೆ. ‘ಅಕ್ಕ, ಊಟ ಆಯ್ತಾ?’ ಎಂದು ಬರೆದೆ.

ಅವಳು ಕನ್ನಡಕ ಹಾಕಿಕೊಂಡು ಅಕ್ಷರ ಕೂಡಿಸಿ ಓದಿದಳು. ‘ಆಯ್ತು ಕಣ್ಲಾ. ಮುದ್ದೆ, ಅವರೆಕಾಳು ಸಾರು’ ಎಂದಳು. ಆಮೇಲೆ ಟ್ಯಾಬನ್ನೂ ನನ್ನನ್ನೂ ನೋಡಿ, ‘ನಾನೂ ಇದ್ರಾಗೇ ಬರೀಬೇಕಾ?’ ಎಂದಳು. ‘ನೀನು ಬಾಯಲ್ಲೇ ಹೇಳು. ನನ್ನ ಕಿವಿ ನೆಟ್ಟಗಿದೆ’ ಎಂದು ಬರೆದೆ. ನಗಾಡಿದಳು. ಎಷ್ಟೋ ದಿನಗಳ ಮೇಲೆ ನಾವು ಪ್ರಶ್ನೆಗೆ ಸರಿಯಾದ ಉತ್ತರ ಸಿಗುವ ಹಾಗೆ ಮಾತಾಡಿದ್ದೆವು.

ಮೊಮ್ಮಕ್ಕಳ ಓದು, ಮನೆಯ ಹಸು, ನನ್ನ ಹೆಂಡತಿಯ ಮಂಡಿನೋವು ಎಲ್ಲ ಆಯಿತು. ಆಮೇಲೆ ಅವಳು ಅವರೆಕಾಯಿ ಬದಿಗಿಟ್ಟು ಕೇಳಿದಳು: ‘ಯಾಕ್ಲಾ ಕಾಗ್ದ ನಿಲ್ಲಿಸ್ಬುಟ್ಟೆ? ಗದ್ದೆ ವಿಚಾರಕ್ಕಾ? ನಿಂಗೂ ನನ್ ಮ್ಯಾಲೆ ಕ್ವಾಪ ಅಂದ್ಕಂಡಿದ್ದೆ.’

ನನಗೆ ಒಂದು ಕ್ಷಣ ಏನೂ ತಿಳಿಯಲಿಲ್ಲ. ನಾಲ್ಕು ವರ್ಷದ ಹಿಂದೆ ಅಪ್ಪನ ಕಾಲದ ಗದ್ದೆ ಮಾರಿದಾಗ ನಮ್ಮ ಮಕ್ಕಳ ನಡುವೆ ಒಂದೆರಡು ಮಾತು ಬಂದಿದ್ದು ನಿಜ. ನನಗೆ ಅದು ಮರೆತೇಹೋಗಿತ್ತು. ಕೈ ನಡುಗಲು ಶುರುವಾದದ್ದೂ ಅದೇ ಹೊತ್ತಿಗೆ. ಅವಳು ಎರಡನ್ನೂ ಒಂದೇ ಎಂದುಕೊಂಡು ನಾಲ್ಕು ವರ್ಷ ಮನಸ್ಸಿನಲ್ಲೇ ಇಟ್ಟುಕೊಂಡಿದ್ದಳು. ನಾನು ಎಷ್ಟು ಸಲ ಬಂದರೂ ಕೇಳಿರಲಿಲ್ಲ. ಕೇಳಿದ್ದರೂ ನನ್ನ ಉತ್ತರ ಅವಳಿಗೆ ಕೇಳಿಸುತ್ತಿರಲಿಲ್ಲ.

ಬರೆದೆ. ಆ ಎರಡು ಸಾಲಿಗೆ ಬಹಳ ಹೊತ್ತು ಹಿಡಿಯಿತು. ಕೈ ಬೇರೆ ದಿನಕ್ಕಿಂತ ಹೆಚ್ಚು ನಡುಗುತ್ತಿತ್ತು. ‘ಇಲ್ಲಕ್ಕ. ಕೈ ನಡುಗುತ್ತೆ. ನನ್ನ ಅಕ್ಷರ ನನಗೇ ಓದಲು ಆಗಲ್ಲ. ನಾಚಿಕೆಯಾಗಿ ನಿಲ್ಲಿಸಿದೆ.’

ಅವಳು ಎರಡು ಸಲ ಓದಿದಳು. ಕೀಬೋರ್ಡಿನ ಮೇಲಿದ್ದ ನನ್ನ ಬಲಗೈಯನ್ನು ತೆಗೆದು ತನ್ನ ಎರಡು ಕೈಗಳಲ್ಲಿ ಹಿಡಿದುಕೊಂಡಳು. ‘ಅಪ್ಪಂಗೂ ಹಿಂಗೇ ಆಗಿತ್ತು ಕಣ್ಲಾ. ನೀನು ಆವಾಗ ಮೈಸೂರ್ನಲ್ಲಿ ಓದ್ತಿದ್ದೆ. ಕಾಪಿ ಲೋಟ ಎರಡ್ ಕೈನಾಗೆ ಹಿಡೀತಿತ್ತಲ್ಲ, ನೋಡಿಲ್ವಾ?’

ನೋಡಿದ್ದೆ. ಚಳಿಗೆ ಹಾಗೆ ಹಿಡಿಯುತ್ತಾನೆ ಎಂದುಕೊಂಡಿದ್ದೆ. ಡಾಕ್ಟರು ಕೇಳಿದ ಪ್ರಶ್ನೆಗೆ ಉತ್ತರ ಮಳವಳ್ಳಿಯ ಜಗಲಿಯಲ್ಲಿ ಸಿಕ್ಕಿತು.

ಕೊಳ್ಳುವವರಿಗೆ ನಾಲ್ಕು ಮಾತು

ಇದನ್ನು ಓದಿ ಮನೆಯ ಹಿರಿಯರಿಗೆ ಇಂಥದ್ದೊಂದು ಕೊಡಿಸಬೇಕು ಎಂದು ಯಾರಿಗಾದರೂ ಅನ್ನಿಸಿದರೆ, ಪೆಟ್ಟು ತಿಂದು ಕಲಿತ ನಾಲ್ಕು ಸಂಗತಿ ಹೇಳುತ್ತೇನೆ.

ಒಂದು, ಅಳತೆ. ಮೇಜಿನ ಮೇಲಿನ ದೊಡ್ಡ ಕೀಬೋರ್ಡಿನಲ್ಲಿ ಒಂದು ಕೀಲಿಯ ನಡುವಿನಿಂದ ಪಕ್ಕದ ಕೀಲಿಯ ನಡುವಿಗೆ ಸುಮಾರು 19 ಮಿಲಿಮೀಟರ್ ದೂರ. ಸಣ್ಣ ಟ್ಯಾಬಿನ ಕೇಸಿನಲ್ಲಿ ಅಷ್ಟು ಜಾಗ ಇರುವುದಿಲ್ಲ, ಇಕ್ಕಟ್ಟು. ದಪ್ಪ ಬೆರಳಿನವರು ಅಂಗಡಿಯಲ್ಲೇ ಹತ್ತು ನಿಮಿಷ ಒತ್ತಿ ನೋಡಬೇಕು. ಪ್ರಯಾಣ ಇಲ್ಲದವರಿಗೆ ದೊಡ್ಡ ಕೀಬೋರ್ಡೇ ಒಳ್ಳೆಯದು. ಬ್ಲೂಟೂತ್ ಇದ್ದರೆ ಅದನ್ನೂ ಟ್ಯಾಬಿಗೆ ಸೇರಿಸಬಹುದು.

ಎರಡು, ಕನ್ನಡ. ಪರದೆಯ ಮೇಲೆ ಕನ್ನಡ ಬರೆಯುವ ಆ್ಯಪ್‌ಗಳೆಲ್ಲ ಹೊರಗಿನ ಕೀಬೋರ್ಡಿನ ಮಾತು ಕೇಳುವುದಿಲ್ಲ. ನಮ್ಮ ಮನೆಯಲ್ಲಿ ಮೂರನೆಯ ಆ್ಯಪ್ ಸರಿಹೋಯಿತು. ದುಡ್ಡು ಕೊಡುವ ಮೊದಲು ನಿಮ್ಮ ಟ್ಯಾಬನ್ನೇ ಒಯ್ದು, ಒತ್ತಕ್ಷರ ಇರುವ ಒಂದು ಪದ ಬರೆದು ನೋಡಿ.

ಮೂರು, ಚಾರ್ಜು. ಟ್ಯಾಬಿಗೆ ಒಂದು ಬ್ಯಾಟರಿ, ಕೀಬೋರ್ಡಿಗೆ ಇನ್ನೊಂದು. ಕೀಬೋರ್ಡು ವಾರಗಟ್ಟಲೆ ಬರುವುದರಿಂದ ಮರೆತೇಹೋಗುತ್ತದೆ, ಬೇಕಾದ ದಿನವೇ ಕೈ ಕೊಡುತ್ತದೆ. ನಾನು ಪ್ರತಿ ತಿಂಗಳು ಒಂದನೇ ತಾರೀಕು, ಪಿಂಚಣಿ ನೋಡುವ ದಿನ ಚಾರ್ಜಿಗೆ ಹಾಕುತ್ತೇನೆ.

ನಾಲ್ಕು, ಕೈ ನಡುಗುವವರಿಗೆ. ಐಪ್ಯಾಡ್ ಮತ್ತು ವಿಂಡೋಸ್ ಕಂಪ್ಯೂಟರುಗಳ ಸೆಟ್ಟಿಂಗ್ಸಿನಲ್ಲಿ ‘ಸ್ಟಿಕಿ ಕೀಸ್’ ಎಂಬ ಸೌಲಭ್ಯವಿದೆ. ಶಿಫ್ಟನ್ನು ಒಂದು ಸಲ ಒತ್ತಿ ಬಿಟ್ಟರೆ ಮುಂದಿನ ಅಕ್ಷರದವರೆಗೆ ಹಿಡಿದಂತೆಯೇ ಲೆಕ್ಕ. ‘ಸ್ಲೋ ಕೀಸ್’ ಎಂಬುದನ್ನು ಹಾಕಿದರೆ ಕ್ಷಣಕಾಲ ತಾಗಿದ್ದನ್ನು ಯಂತ್ರ ಲೆಕ್ಕಕ್ಕೆ ಹಿಡಿಯುವುದಿಲ್ಲ. ನನ್ನ ಹಳೆಯ ಟ್ಯಾಬಿನಲ್ಲಿ ಇವು ಇಲ್ಲ. ಹೊಸದು ಕೊಳ್ಳುವವರು ಕೇಳಿ ನೋಡಿ.

ಈಗ ಹದಿನೈದು ದಿನಕ್ಕೊಮ್ಮೆ ಅಕ್ಕನಿಗೆ ಕಾಗದ ಬರೆಯುತ್ತೇನೆ. ನಮ್ಮ ಬೀದಿಯ ಜೆರಾಕ್ಸ್ ಅಂಗಡಿಯ ಹುಡುಗ ದೊಡ್ಡಕ್ಷರದಲ್ಲಿ ಪ್ರಿಂಟು ತೆಗೆದುಕೊಡುತ್ತಾನೆ. ಐದು ರೂಪಾಯಿ ಲಕೋಟೆಯಲ್ಲಿ ಹಾಕಿ ಅಂಚೆಪೆಟ್ಟಿಗೆಗೆ ಬಿಡುತ್ತೇನೆ. ಕೊನೆಯಲ್ಲಿ ಸಹಿ ಮಾತ್ರ ಪೆನ್ನಿನಲ್ಲೇ ಹಾಕುತ್ತೇನೆ. ಅದು ಪ್ರತಿ ಸಲ ಒಂದೊಂದು ಥರ ಇರುತ್ತದೆ. ಬ್ಯಾಂಕಿನಲ್ಲಾಗಿದ್ದರೆ ನಾನೇ ವಾಪಸ್ಸು ಕಳಿಸುತ್ತಿದ್ದೆ. ಅಕ್ಕ ಇದುವರೆಗೆ ಒಂದನ್ನೂ ವಾಪಸ್ಸು ಕಳಿಸಿಲ್ಲ.